ಹಿಂದಿನ ಸೀಟಿನ ಕೆಂಪು ಶಾಲು

ನನ್ನ ಮಾವ ಕುರಿ ಎಣಿಸುವುದಿಲ್ಲ. ಬೆರಳು ತೋರಿಸಿ ಒಂದು, ಎರಡು ಎಂದು ಎಣಿಸಿದರೆ ಮಂದೆ ಕರಗುತ್ತದೆ ಎಂಬುದು ಅವರ ನಂಬಿಕೆ. ಲಸಿಕೆ ಹಾಕಲು ಬಂದ ಪಶು ಆಸ್ಪತ್ರೆಯವರು "ಎಷ್ಟು ಕುರಿ ಇವೆ ಯಜಮಾನ್ರೇ?" ಎಂದರೆ "ಒಂದಷ್ಟವೆ, ನೀವೇ ನೋಡ್ಕಳಿ" ಎಂದು ಬೀಡಿ ಹಚ್ಚುತ್ತಾರೆ. ಹಾಗಂತ ಲೆಕ್ಕ ಗೊತ್ತಿಲ್ಲದವರಲ್ಲ. ಸಂಜೆ ರೊಪ್ಪದ ಬಾಗಿಲಲ್ಲಿ ಕೋಲು ಊರಿ ನಿಲ್ಲುತ್ತಾರೆ, ಕುರಿಗಳು ಒಂದರ ಹಿಂದೊಂದು ಒಳಗೆ ಹೋಗುತ್ತವೆ, ಇವರು ಸುಮ್ಮನೆ ಮುಖ ನೋಡುತ್ತಾರೆ. ಯಾವುದರ ಕಿವಿ ಸೀಳಿದೆ, ಯಾವುದರ ಹಣೆಯ ಮೇಲೆ ಬಿಳಿ ಮಚ್ಚೆ ಇದೆ, ಯಾವುದು ಹಿಂಗಾಲು ಎಳೆಯುತ್ತದೆ, ಎಲ್ಲವೂ ಅವರ ಕಣ್ಣಲ್ಲೇ ಇರುತ್ತದೆ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಸಂಜೆ ಕುರಿಗಳೆಲ್ಲ ಒಳಗೆ ಹೋದ ಮೇಲೆ "ಸೀಳ್ಗಿವಿದರ ಮರಿ ಬಂದಿಲ್ಲ" ಎಂದರು. ಮುಂದಿಟ್ಟ ಮುದ್ದೆ ಹಾಗೇ ಬಿಟ್ಟು ಹಳ್ಳದ ಕಡೆ ನಡೆದರು. ಒಂದು ಗಂಟೆ ಬಿಟ್ಟು ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದರು. ಜಾಲಿಮುಳ್ಳಿನ ಪೊದೆಯಲ್ಲಿ ಸಿಕ್ಕಿಕೊಂಡಿತ್ತಂತೆ. ನಮ್ಮತ್ತೆ ಈ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಾರೆ. ಹೇಳುವಾಗ ಅವರ ಮುಖದಲ್ಲಿ ಒಂದು ಗತ್ತು ಇರುತ್ತದೆ.

ಇಂಥ ಮಾವ ನನ್ನ ಮುಖವನ್ನು ಒಂದು ದಿನವೂ ನೋಡಿರಲಿಲ್ಲ.

ಅದು ಅವರ ಮನೆಯ ರೂಢಿ. ಸೊಸೆ ಮಾವನ ಎದುರು ನಿಲ್ಲಬಾರದು, ಮಾವ ಸೊಸೆಯ ಮುಖ ನೋಡಬಾರದು, ಇಬ್ಬರೂ ನೇರ ಮಾತಾಡಬಾರದು. ಮಾವ ಹಟ್ಟಿಯಿಂದ ಮನೆಯೊಳಕ್ಕೆ ಬರುವ ಮುಂಚೆ ಕೆಮ್ಮುತ್ತಾರೆ. ನಾನು ತಲೆಯ ಮೇಲೆ ಸೆರಗೋ ಶಾಲೋ ಎಳೆದುಕೊಂಡು ಅಡುಗೆಮನೆಗೆ ಸರಿಯಬೇಕು. ನೀರು ಬೇಕಾದರೆ ಅವರು ಕಂಬದ ಕಡೆ ತಿರುಗಿ "ಒಳಗೆ ಹೇಳು, ನೀರು ಕೊಡಕೆ" ಎನ್ನುತ್ತಾರೆ. ಅತ್ತೆ ಮನೆಯಲ್ಲಿಲ್ಲದಿದ್ದರೂ ಹಾಗೇ ಎನ್ನುತ್ತಾರೆ. ಕಂಬ ನನಗೆ ಹೇಳುತ್ತದೆ, ನಾನು ಹೊಸ್ತಿಲ ಮೇಲೆ ಚೊಂಬು ಇಟ್ಟು ಹಿಂದೆ ಸರಿಯುತ್ತೇನೆ.

ಕೊರಟಗೆರೆ ತಾಲ್ಲೂಕಿನ ಕೊಳಾಲದ ಕಡೆಯ ನನ್ನ ತವರಿನಲ್ಲಿ ಇಂಥದ್ದಿರಲಿಲ್ಲ. ನಮ್ಮಪ್ಪ ಸೊಸೆಯರ ಜೊತೆ ಕೂತು ಕಡಲೆಕಾಯಿ ಬಿಡಿಸುತ್ತಾ ಟೀವಿ ನೋಡುವವರು. ನಾನು ಬಿ.ಎಡ್ ಮಾಡಿದವಳು, ಬರಗೂರಿನ ಬಸ್ಸು ಹಿಡಿದು ದಿನಾ ಶಿರಾದ ಒಂದು ಶಾಲೆಗೆ ಪಾಠ ಹೇಳಲು ಹೋಗುವವಳು. ಮೊದಲ ತಿಂಗಳು ನಗು ಬರುತ್ತಿತ್ತು. ಆರನೆಯ ತಿಂಗಳಿಗೆ ಹೊಟ್ಟೆ ಉರಿಯತೊಡಗಿತ್ತು. ಗಂಡನನ್ನು ಕೇಳಿದರೆ "ಅದು ಮರ್ಯಾದೆ ಕಣೇ, ಬ್ಯಾಸರ ಮಾಡ್ಕಬ್ಯಾಡ" ಎನ್ನುತ್ತಿದ್ದ. ಸೀಳುಗಿವಿಯ ಮರಿಗೆ ಇರುವಷ್ಟು ಗುರುತು ನನಗಿಲ್ಲ ಎಂದು ನಾನು ಅವನ ಹತ್ತಿರ ಜಗಳ ಆಡಿದ್ದೂ ಉಂಟು.

ಆ ವರ್ಷ ಮನೆಯವರೆಲ್ಲ ಸೇರಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ಧರ್ಮಸ್ಥಳ, ಕೊಲ್ಲೂರು, ಮುರುಡೇಶ್ವರಕ್ಕೆ ಹೊರಟೆವು. ಕುರಿ ನೋಡಿಕೊಳ್ಳಲು ಯಾರಾದರೂ ಇರಲೇಬೇಕಲ್ಲ, ನನ್ನ ಗಂಡ ಉಳಿದುಕೊಂಡ. ಮಾವ, ಅತ್ತೆ, ನಾದಿನಿ, ಅವಳ ಗಂಡ, ಅವರ ಇಬ್ಬರು ಸಣ್ಣ ಮಕ್ಕಳು, ಮಾವನ ತಮ್ಮನ ಮನೆಯ ಐದು ಜನ, ಮತ್ತು ನಾನು. ಒಟ್ಟು ಹನ್ನೆರಡು. ನಾನು ಮೇಡಂ, ಶಾಲೆಯ ಪ್ರವಾಸದಲ್ಲಿ ಬಸ್ಸು ಹತ್ತಿದಾಗೊಮ್ಮೆ ಇಳಿದಾಗೊಮ್ಮೆ ಮಕ್ಕಳ ತಲೆ ಎಣಿಸಿ ಅಭ್ಯಾಸ. ಧರ್ಮಸ್ಥಳದಲ್ಲಿ ಟ್ರಾವೆಲರ್ ಹತ್ತಿ ಬಾಯಿ ತಪ್ಪಿ "ಒಂದು, ಎರಡು" ಎಂದೆ. ಮುಂದಿನ ಸೀಟಿನಿಂದ ಕೆಮ್ಮು ಬಂತು. "ಎಣಿಸ್ಬ್ಯಾಡ ಅಂತ ಹೇಳೇ" ಎಂದು ಮಾವ ಅತ್ತೆಗೆ ಹೇಳಿದರು. ಅತ್ತೆ ನನಗೆ ಹೇಳುವ ಕಷ್ಟ ತೆಗೆದುಕೊಳ್ಳಲಿಲ್ಲ. ನಾನು ಬಾಯಿ ಮುಚ್ಚಿ ಕೂತೆ.

ದೋಣಿಯ ಮಾತು ತೆಗೆದದ್ದು ನಾದಿನಿಯ ದೊಡ್ಡ ಮಗಳು. ಕಾರವಾರದ ಹತ್ತಿರ ದೋಣಿಯಲ್ಲಿ ಕರೆದುಕೊಂಡು ಹೋಗಿ, ದ್ವೀಪ ಸುತ್ತಿಸಿ, ಡಾಲ್ಫಿನ್ ತೋರಿಸುತ್ತಾರೆ ಎಂದು ಮೊಬೈಲಿನಲ್ಲಿ ನೋಡಿದ್ದಳು.

"ಮೀನು ನೋಡಕೆ ಸಮುದ್ರದೊಳಿಕ್ಕೆ ಯಾಕವ್ವಾ ಹೋಗ್ಬೇಕು? ಶಿರಾ ಸಂತೇಲಿ ಬುಟ್ಟಿಗಟ್ಲೆ ಬರ್ತವೆ" ಎಂದರು ಮಾವ.

"ಅದು ಮೀನಲ್ಲ ತಾತ, ಮರಿಗೆ ಹಾಲು ಕೊಡುತ್ತೆ" ಎಂದಳು ಹುಡುಗಿ.

ಹಾಲು ಎಂದ ಮೇಲೆ ಮಾವ ಮೆತ್ತಗಾದರು. ಹಾಲು ಕೊಡುವ ಮೀನು ಹೆಂಗಿರುತ್ತದೆ ನೋಡೇಬಿಡೋಣ ಎಂದರು.

ನಮ್ಮಲ್ಲಿ ಯಾರಿಗೂ ಈಜು ಬಾರದು. ನಮ್ಮ ಕೆರೆ ತುಂಬುವುದು ಅಪರೂಪ, ತುಂಬಿದರೆ ಪೂಜೆ ಮಾಡುತ್ತೇವೆಯೇ ಹೊರತು ಇಳಿಯುವುದಿಲ್ಲ. ದೋಣಿಗೆ ಕಾಲಿಡುವಾಗಲೇ ಅತ್ತೆ ಕಣ್ಣು ಮುಚ್ಚಿದರು. ಎಲ್ಲರಿಗೂ ಕೇಸರಿ ಬಣ್ಣದ ಲೈಫ್ ಜಾಕೆಟ್ ಕಟ್ಟಿದರು. ಮಾವ ಕಂಬಳಿ ಬಿಡಲು ಒಪ್ಪದೆ ಜಾಕೆಟ್ಟಿನ ಮೇಲೆಯೇ ಹೊದ್ದುಕೊಂಡರು. ಕೋಲೂ ಕೈಯಲ್ಲೇ ಇತ್ತು. ದೋಣಿಯವನು ಬೆರಳು ಚಾಚಿ ಎಣಿಸಲು ಶುರು ಮಾಡಿದ. ಮಾವ ಕೋಲು ಅಡ್ಡ ಹಿಡಿದರು.

"ಬೆಟ್ಟು ತೋರ್ಸಿ ಎಣಿಸ್ಬ್ಯಾಡಪ್ಪ. ನಾನು ನೋಡ್ಕಂತೀನಿ. ಹೋಗುವಾಗ ಇರೋರೆಲ್ಲ ಬರುವಾಗ ಇರ್ತಾರೆ."

ದೋಣಿಯವನು ನಕ್ಕು ಇಂಜಿನ್ ಎಳೆದ.

ನನಗೆ ಸಿಕ್ಕಿದ್ದು ಕಟ್ಟಕಡೆಯ, ಅಂಚಿನ ಸೀಟು. ಸೊಸೆಗೆ ಅದೇ ಸರಿಯಾದ ಜಾಗ, ಮಾವನ ಬೆನ್ನ ಹಿಂದೆ. ಕೆಂಪು ಶಾಲನ್ನು ತಲೆಯ ಮೇಲೆ ಹೊದ್ದು ಕೂತೆ. ದಡ ದೂರವಾದಂತೆ ಅಲೆ ದೊಡ್ಡದಾಯಿತು. ದೋಣಿ ಎದ್ದು ಬಿದ್ದಾಗಲೆಲ್ಲ ಹೊಟ್ಟೆಯೊಳಗಿನದು ಗಂಟಲಿಗೆ ಬರುತ್ತಿತ್ತು. ದ್ವೀಪವನ್ನು ಒಂದು ಸುತ್ತು ಹಾಕಿದೆವು. ಡಾಲ್ಫಿನ್ನಿನ ಸುಳಿವಿಲ್ಲ. ನಾದಿನಿಯ ಚಿಕ್ಕ ಮಗು ವಾಂತಿ ಮಾಡಿತು. ಅತ್ತೆ ಪಾವಗಡದ ಗಡಿಯ ಕಡೆಯವರು, ಹೆದರಿದಾಗ ಅವರಿಗೆ ತೆಲುಗೇ ಬಾಯಿಗೆ ಬರುವುದು, "ಅಮ್ಮಾ ತಲ್ಲೀ, ಅಮ್ಮಾ ತಲ್ಲೀ" ಎನ್ನುತ್ತಾ ಮಲಗೇಬಿಟ್ಟರು. ಕೊನೆಗೆ ದೋಣಿಯವನು ದ್ವೀಪದ ಒಂದು ಮಗ್ಗುಲಲ್ಲಿ, ಬಂಡೆಗಳ ನಡುವೆ ಇದ್ದ ಸಣ್ಣ ಮರಳಿನ ಪಟ್ಟಿಯ ಹತ್ತಿರ ನಿಲ್ಲಿಸಿದ. "ಸ್ವಲ್ಪ ಹೊತ್ತು ಇಳಿದು ನಿಲ್ಲಿ, ಸುಧಾರಿಸ್ತದೆ. ನೀರು ಏರೋದರೊಳಗೆ ಹೊರಡಬೇಕು" ಎಂದ.

ಮೊಳಕಾಲುದ್ದದ ನೀರಿನಲ್ಲಿ ನಡೆದು ಎಲ್ಲರೂ ಮರಳಿನ ಮೇಲೆ ಕೂತರು. ನನಗೆ ಬೇರೆಯೇ ಸಂಕಟ. ಬೆಳಗಿನ ಆರು ಗಂಟೆಯಿಂದ ಮೂತ್ರ ಕಟ್ಟಿಕೊಂಡಿದ್ದೆ. ಹೇಳುವುದು ಯಾರಿಗೆ? ಮಾವ ಹತ್ತು ಮಾರು ದೂರದಲ್ಲಿ ಕೂತಿದ್ದಾರೆ. ಜಾಕೆಟ್ಟಿನ ಪಟ್ಟಿಗಳು ಹೊಟ್ಟೆ ಹಿಸುಕುತ್ತಿದ್ದವು. ಮೆಲ್ಲಗೆ ದೋಣಿಯ ಹತ್ತಿರ ಹೋಗಿ ಅದನ್ನು ಬಿಚ್ಚಿ ನನ್ನ ಸೀಟಿನ ಮೇಲೆ ನಿಲ್ಲಿಸಿದೆ. ಅದರ ಮೇಲೆ ನನ್ನ ಶಾಲು ಹೊದಿಸಿದೆ. ಬರಗೂರಿನ ಬಸ್ಸಿಗೆ ದಿನಾ ಓಡಾಡುವವರಿಗೆ ಇದು ಕೈಗೆ ಬಂದ ಅಭ್ಯಾಸ. ಕಿಟಕಿಯಿಂದ ಟವಲ್ಲೋ ಶಾಲೋ ಎಸೆದರೆ ಸೀಟು ನಮ್ಮದು, ಬ್ರಹ್ಮ ಬಂದರೂ ಏಳಿಸುವಂತಿಲ್ಲ. ಆ ಕಡಲಿನಲ್ಲೂ ನನಗೆ ಸೀಟಿನದೇ ಚಿಂತೆ. ಮೊಬೈಲಿದ್ದ ಬ್ಯಾಗನ್ನೂ ಅಲ್ಲೇ ಇಟ್ಟೆ.

ನಾದಿನಿಯ ಕಿವಿಯಲ್ಲಿ "ಬಂಡೆ ಹಿಂದಕ್ಕೆ ಹೋಗಿಬರ್ತೀನಿ" ಎಂದೆ. ಅವಳು ಮಗುವಿನ ಬಾಯಿ ಒರೆಸುತ್ತಾ ತಲೆಯಾಡಿಸಿದಳು. ಕೇಳಿಸಿಕೊಂಡಳೆಂದು ನಾನು ತಿಳಿದೆ.

ಮರಳಿನ ಪಟ್ಟಿಯ ತುದಿಯವರೆಗೂ ನಡೆದು, ದೊಡ್ಡ ಬಂಡೆಯೊಂದನ್ನು ದಾಟಿ ಮರೆಗೆ ಹೋದೆ. ಅಲ್ಲಿ ಅಲೆಯ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಕೆಲಸ ಮುಗಿಸಿ, ಸೀರೆ ಸರಿಮಾಡಿಕೊಂಡು, ಅಷ್ಟು ಹೊತ್ತಿನ ಮೇಲೆ ಸಿಕ್ಕ ಒಬ್ಬಂಟಿತನಕ್ಕೆ ಮನಸೋತು ಎರಡು ನಿಮಿಷ ಹೆಚ್ಚಾಗಿಯೇ ನಿಂತೆ. ಆ ಎರಡು ನಿಮಿಷಕ್ಕೆ ಆಮೇಲೆ ನಾನು ಎಷ್ಟು ಬೈದುಕೊಂಡೆನೋ.

ಬಂಡೆ ಬಳಸಿ ಈಚೆ ಬಂದಾಗ ಮರಳಿನ ಮೇಲೆ ಯಾರೂ ಇರಲಿಲ್ಲ.

ದೋಣಿ ಆಗಲೇ ಕೂಗಳತೆ ದಾಟಿತ್ತು. ಎಲ್ಲರ ಮುಖವೂ ಮುಂದಕ್ಕೆ ಇತ್ತು, ಯಾರೋ ಎದ್ದು ನಿಂತು ಕೈಚಾಚಿ ಏನನ್ನೋ ತೋರಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ನನ್ನ ಕೆಂಪು ಶಾಲು ನೆಟ್ಟಗೆ ಕೂತು ಪ್ರಯಾಣ ಮಾಡುತ್ತಿತ್ತು. "ಅತ್ತೇ!" ಎಂದು ಕೂಗಿದೆ. ನಾದಿನಿಯ ಹೆಸರು ಹಿಡಿದು ಕೂಗಿದೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು, ಕೂಗು ನನ್ನ ಬಾಯಿಗೇ ವಾಪಸು ಬಂದಂತಾಯಿತು. ಸೆರಗು ಬಿಚ್ಚಿ ಬೀಸಿದೆ. ದೋಣಿ ದ್ವೀಪದ ಮೂಲೆ ತಿರುಗಿ ಮರೆಯಾಯಿತು.

ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಅವರೆಲ್ಲರಿಗೂ ಬಯ್ಯಲು ಒಂದು ಉದ್ದನೆಯ ಮಾತನ್ನು ನಿಂತಲ್ಲೇ ಜೋಡಿಸಿದೆ. ಕುರಿಮರಿ ಕಾಣದಿದ್ದರೆ ಮುದ್ದೆ ಬಿಟ್ಟು ಏಳುತ್ತೀರಿ, ಸೊಸೆ ಕಾಣದಿದ್ದರೆ ಮೀನು ನೋಡಲು ಹೋಗುತ್ತೀರಾ ಎಂಬುದು ಅದರ ಪಲ್ಲವಿ. ಅದು ಮುಗಿಯುವ ಮುಂಚೆ ಕಾಲಿಗೆ ತಣ್ಣಗಾಯಿತು. ನೋಡಿದರೆ ನಾನು ನಡೆದು ಬಂದ ಮರಳಿನ ಪಟ್ಟಿ ಅರ್ಧಕ್ಕಿಂತ ಹೆಚ್ಚು ನೀರಿನಲ್ಲಿತ್ತು.

ಆಗ ಭಯವಾಯಿತು. ಹಿಂದೆ ಗುಡ್ಡ ಗೋಡೆಯ ಹಾಗೆ ಕಡಿದಾಗಿತ್ತು, ಹಿಡಿದು ಹತ್ತಲು ಒಂದು ಬೇರೂ ಇರಲಿಲ್ಲ. ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದು ನನಗೆ ಹೇಗೆ ಗೊತ್ತಿರಬೇಕು? ನಮ್ಮ ಕಡೆ ನೀರು ಇಳಿಯುವುದನ್ನಷ್ಟೇ ನೋಡಿ ಬೆಳೆದವಳು ನಾನು. ಬಂಡೆಯ ಮೇಲೆ ಪಾಚಿಯಂಥ ಕಪ್ಪು ಗೆರೆಯೊಂದು ನನ್ನ ತಲೆಗಿಂತ ಮೇಲಿತ್ತು. ಅದು ನೀರು ನಿಲ್ಲುವ ಗುರುತಿರಬೇಕು ಎಂದು ಹೊಳೆದ ಕೂಡಲೇ ಮೊಣಕೈ ತರಚಿಕೊಂಡು ಬಂಡೆ ಹತ್ತಿದೆ. ಮೇಲೆ, ಆ ಗೆರೆಯ ಮಟ್ಟದಲ್ಲೇ, ಒಬ್ಬರು ಕೂರುವಷ್ಟು ಜಾಗ. ಕಾಲು ಮಡಚಿ ಕೂತೆ. ಚಪ್ಪಲಿ ಒಂದು ತೇಲಿಹೋಯಿತು.

ಕೂತಲ್ಲೇ ಲೆಕ್ಕ ಹಾಕಿದೆ. ದೋಣಿ ದಡ ಮುಟ್ಟಲು ಮುಕ್ಕಾಲು ಗಂಟೆ. ಇಳಿದ ಮೇಲಾದರೂ ಗೊತ್ತಾಗುತ್ತದೆ. ವಾಪಸು ಬರಲು ಇನ್ನೊಂದು ಮುಕ್ಕಾಲು ಗಂಟೆ. ಅಷ್ಟರಲ್ಲಿ ನೀರು ಆ ಗೆರೆ ಮುಟ್ಟಿರುತ್ತದೆ. ಮಾವ ಅಲ್ಲಿಯೂ ಎಣಿಸದಿದ್ದರೆ? ಟ್ರಾವೆಲರ್‌ನಲ್ಲೂ ನನ್ನದು ಹಿಂದಿನ ಸೀಟೇ. ಊರಲ್ಲಿ ಗಂಡ ಕುರಿ ಅಟ್ಟಿಕೊಂಡು ಹೋಗಿರುತ್ತಾನೆ, ಅವನಿಗೆ ನಾನು ಡಾಲ್ಫಿನ್ ನೋಡುತ್ತಿದ್ದೇನೆಂದೇ ಲೆಕ್ಕ. ಅಳು ಬಂತು. ಜೋರಾಗಿಯೇ ಅತ್ತುಬಿಟ್ಟೆ. ಕೇಳುವವರಿಲ್ಲದಿದ್ದಾಗ ನಾಚಿಕೆ ಯಾಕೆ?

ಎಡಗಡೆ ನೀರಿನಲ್ಲಿ ಬುಸ್ ಎಂದು ಯಾರೋ ಉಸಿರು ಬಿಟ್ಟಂತಾಯಿತು. ಬೆಚ್ಚಿ ತಿರುಗಿದೆ. ಬೂದು ಬಣ್ಣದ ನುಣುಪಾದ ಬೆನ್ನೊಂದು ಎದ್ದು ಮುಳುಗಿತು. ಹಿಂದೆಯೇ ಇನ್ನೊಂದು. ಅದಕ್ಕೆ ಅಂಟಿಕೊಂಡೇ ಒಂದು ಮರಿ. ಶಾರ್ಕ್ ಎಂದೇ ತಿಳಿದು ಕಾಲನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡೆ. ಮರಿಯ ಮೂತಿ ಹೊರಬಂದ ಮೇಲೆ ಗೊತ್ತಾಯಿತು. ಹನ್ನೊಂದು ಜನ ದೋಣಿಯಲ್ಲಿ ಹುಡುಕುತ್ತಾ ಹೋದ ಡಾಲ್ಫಿನ್ ನನ್ನ ಬಂಡೆಯಿಂದ ಹದಿನೈದಿಪ್ಪತ್ತು ಅಡಿ ದೂರದಲ್ಲಿ ಓಡಾಡುತ್ತಿದ್ದವು. ಚೆಂದವಿದ್ದವು, ಇಲ್ಲವೆನ್ನುವುದಿಲ್ಲ. ಆದರೆ ಅವನ್ನು ನೋಡುವಷ್ಟು ಜೀವ ನನ್ನಲ್ಲಿರಲಿಲ್ಲ. ನೀರು ಬಂಡೆಯ ಕಪ್ಪು ಗೆರೆಗೆ ಎಷ್ಟು ಗೇಣು ಬಾಕಿ ಇದೆ ಎಂದು ಅಳೆಯುವುದರಲ್ಲೇ ಕಣ್ಣಿತ್ತು. ಒಂದು ಅಲೆ ಬಂದು ಸೀರೆಯ ಅಂಚು ನೆನೆಸಿತು. ಇನ್ನೊಂದು ಅಲೆ ಮಡಿಲಿಗೇ ಬಂತು.

ಆ ಹೊತ್ತಿಗೆ ದೋಣಿಯಲ್ಲಿ ನಡೆದದ್ದನ್ನು ಆಮೇಲೆ ನಾದಿನಿ ಹೇಳಿದಳು. ನಾನು ಬಂಡೆಯ ಹಿಂದಕ್ಕೆ ಹೋದ ಸ್ವಲ್ಪ ಹೊತ್ತಿಗೇ ದೋಣಿಯವನು "ಅಗೋ, ಡಾಲ್ಫಿನ್! ಬೇಗ ಹತ್ತಿ" ಎಂದು ಕೂಗಿದನಂತೆ. ಎಲ್ಲರೂ ಬಿದ್ದೆದ್ದು ಹತ್ತಿದರು. "ಎಲ್ಲ ಬಂದ್ರಾ ಯಜಮಾನ್ರೇ?" ಎಂದು ಅವನು ಕೇಳಿದ. ಮಾವ ಒಬ್ಬೊಬ್ಬರ ಮುಖವನ್ನೂ ನೋಡಿದರು. ಹೆಂಡತಿ, ಮಗಳು, ಅಳಿಯ, ಮೊಮ್ಮಕ್ಕಳು, ತಮ್ಮ, ತಮ್ಮನ ಮನೆಯವರು. ಕೊನೆಗೆ ಹಿಂದಿನ ಸೀಟಿನ ಕಡೆ, ರೂಢಿಯಂತೆ, ಕಣ್ಣಂಚಿನಲ್ಲಿ. ಅಲ್ಲಿ ಕೆಂಪು ಕಂಡಿತು. "ಎಲ್ಲ ಅವ್ರೆ, ನಡಿಯಪ್ಪ" ಎಂದರು. ಆರು ತಿಂಗಳಿಂದ ಅವರಿಗೆ ನಾನೆಂದರೆ ಕಣ್ಣಂಚಿನ ಒಂದು ಬಣ್ಣ, ಅಷ್ಟೆ. ಅವರು ಸುಳ್ಳು ಹೇಳಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಮಗುವಿಗೆ ನೀರು ಬೇಕೆಂದು ನಾದಿನಿ ಹಿಂದಕ್ಕೆ ತಿರುಗಿ "ಅತ್ತಿಗೆ, ಬಾಟ್ಲಿ ಕೊಡಿ" ಎಂದಳು. ಶಾಲು ಉತ್ತರ ಕೊಡಲಿಲ್ಲ. ಅವಳು ಕೈಚಾಚಿ ಎಳೆದಳು. ಕೆಳಗೆ ಖಾಲಿ ಜಾಕೆಟ್.

ದೋಣಿ ಮೂಲೆ ತಿರುಗಿ ಬಂದಾಗ ಮೊದಲು ಕೇಳಿದ್ದು ಅತ್ತೆಯ ದನಿ. ಬೆಳಗಿನಿಂದ ಕಣ್ಣು ಬಿಡದ ಹೆಂಗಸು ದೋಣಿಯ ಮೂತಿ ಹಿಡಿದು ನಿಂತಿದ್ದರು. "ಉಂದಿ! ಪಿಲ್ಲ ಉಂದಿ! ಅಗೋ ಅವ್ಳೆ ಕಣ್ರೋ!" ಎಂದು ಎರಡು ಭಾಷೆಯಲ್ಲೂ ಅಳುತ್ತಿದ್ದರು.

ಅಲೆಯ ಹೊಡೆತಕ್ಕೆ ದೋಣಿಯನ್ನು ಬಂಡೆಯ ಹತ್ತಿರ ತರಲಾಗಲಿಲ್ಲ. ತಂದರೆ ಒಡೆಯುತ್ತದೆ ಎಂದ ದೋಣಿಯವನು. ಅವನು ಇಂಜಿನ್ ಬಿಡುವಂತಿಲ್ಲ, ಬಿಟ್ಟರೆ ದೋಣಿಯೇ ಬಂಡೆಗೆ ಬಡಿಯುತ್ತದೆ. "ಇಳಿದು ಬನ್ನಿ ಅಕ್ಕಾ, ಸೊಂಟದ ಮಟ್ಟ ಅಷ್ಟೇ" ಎಂದು ಕೂಗಿದ. ಅವನಿಗೆ ಅಷ್ಟೇ. ನಾನು ಬಂಡೆಯನ್ನು ಅಪ್ಪಿಕೊಂಡು ಅಲ್ಲಾಡಲಿಲ್ಲ. ನಾದಿನಿಯ ಗಂಡ ಹಗ್ಗ ಎಸೆದ, ಅದು ನೀರಿಗೆ ಬಿತ್ತು.

ಅಷ್ಟರಲ್ಲಿ ಮಾವ ಕಂಬಳಿ ಬಿಸಾಡಿ ನೀರಿಗೆ ಇಳಿದೇಬಿಟ್ಟರು. ಒಂದು ಕೈಯಲ್ಲಿ ದೋಣಿಗೆ ಕಟ್ಟಿದ ಹಗ್ಗ, ಇನ್ನೊಂದರಲ್ಲಿ ಕುರಿ ಕಾಯುವ ಕೋಲು. ಜನ್ಮದಲ್ಲಿ ಮೊಳಕಾಲಿಗಿಂತ ಮೇಲೆ ನೀರು ಕಾಣದ ಮನುಷ್ಯ, ಎದೆಮಟ್ಟ ನೀರಿನಲ್ಲಿ ಓಲಾಡುತ್ತಾ ಬಂದು ಬಂಡೆಯ ಕಡೆಗೆ ಕೋಲು ಚಾಚಿದರು. ಚಾಚಿದ್ದು ನನ್ನ ಕಡೆಗಲ್ಲ. ಅವರ ಮುಖ ಅತ್ತ ತಿರುಗಿತ್ತು. ಸೊಸೆಯ ಮುಖ ನೋಡಬಾರದಲ್ಲ! ಕೋಲಿನ ತುದಿ ನನ್ನ ಕೈಯಿಂದ ಎರಡು ಮೊಳ ಆಚೆ ಗಾಳಿಯಲ್ಲಿ ತಡಕಾಡುತ್ತಿತ್ತು. ಬಾಗಿ ಹಿಡಿಯಲು ನೋಡಿದೆ, ಸಿಗಲಿಲ್ಲ. ಒಂದು ಅಲೆ ಬಂದು ನನ್ನನ್ನು ಬಂಡೆಯಿಂದ ಅರ್ಧ ಜಾರಿಸಿತು. ಉಗುರುಗಳಲ್ಲಿ ಹಿಡಿದು ನೇತಾಡಿದೆ.

"ಈ ಕಡೆ ನೋಡಿ ಮಾವ!" ಎಂದು ಕಿರುಚಿದೆ.

ಆರು ತಿಂಗಳಲ್ಲಿ ನಾನು ಅವರೊಂದಿಗೆ ಆಡಿದ ಮೊದಲ ಮಾತು ಅದು. ಬೇಡಿಕೆಯಲ್ಲ, ಕ್ಲಾಸಿನಲ್ಲಿ ಗದರಿಸುವ ದನಿ. ಅವರು ಒಂದು ಕ್ಷಣ ಹಾಗೇ ನಿಂತರು. ಆಮೇಲೆ ತಿರುಗಿದರು. ನನ್ನ ತಲೆಯ ಮೇಲೆ ಸೆರಗಿಲ್ಲ, ಕೂದಲು ಬಿಚ್ಚಿ ಮುಖಕ್ಕೆ ಅಂಟಿತ್ತು, ಮೂಗು ಸೋರುತ್ತಿತ್ತು. ನೋಡಿದರು. ಕೋಲಿನ ತುದಿ ಸೀದಾ ನನ್ನ ಅಂಗೈಗೆ ಬಂತು. ಹಿಡಿದುಕೊಂಡು ಜಾರಿದೆ. ಉಪ್ಪುನೀರು ಮೂಗಿಗೆ ಹೋಯಿತು, ಕಾಲಿಗೆ ನೆಲ ಸಿಗಲಿಲ್ಲ, ಮುಳುಗಿದೆ ಎಂದುಕೊಂಡೆ. ಕೋಲು ಎಳೆಯಿತು. ಕೋಲು ಸಾಲದಾದಾಗ ಒಂದು ಒರಟು ಕೈ ನನ್ನ ಮುಂಗೈಯನ್ನು ಹಿಡಿಯಿತು. ಅದನ್ನು ದೋಣಿ ಹತ್ತುವವರೆಗೂ ಬಿಡಲಿಲ್ಲ.

ದೋಣಿಯಲ್ಲಿ ಅತ್ತೆ ನನ್ನನ್ನು ತಬ್ಬಿಕೊಂಡು ಬೆನ್ನಿಗೆ ಎರಡು ಗುದ್ದಿದರು. "ಹೇಳ್ದೆ ಕೇಳ್ದೆ ಎಲ್ಲಿಗೆ ಹೋಗಿದ್ದೇ, ಮುಂಡೇದೇ" ಎಂದು ಬೈದರು. ನಾದಿನಿ ಕೆಂಪು ಶಾಲು ತಂದು ಹೊದಿಸಿದಳು. ನಾನು ಜೋಡಿಸಿಟ್ಟಿದ್ದ ಬೈಗುಳದಲ್ಲಿ ಒಂದು ಪದವೂ ನೆನಪಿಗೆ ಬರಲಿಲ್ಲ. ಹಲ್ಲು ಕಟಕಟಿಸುತ್ತಿತ್ತು.

ದೋಣಿಯವನು ಈ ಸಲ ಯಾರನ್ನೂ ಕೇಳಲಿಲ್ಲ. ಬೆರಳು ಚಾಚಿ, ಒಬ್ಬೊಬ್ಬರ ಎದೆಗೂ ಗುರಿಯಿಟ್ಟು, ಜೋರಾಗಿ ಎಣಿಸಿದ. ಮಾವ ಕೋಲು ಅಡ್ಡ ಹಿಡಿಯಲಿಲ್ಲ. ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಕೂತು, ಅವನ ಬೆರಳು ಹೋದ ಕಡೆಯೆಲ್ಲ ನೋಡಿದರು. "ಹನ್ನೆರಡು" ಎಂದು ಬೆರಳು ನನ್ನ ಮೇಲೆ ನಿಂತಾಗ ಅವರ ಕಣ್ಣೂ ನನ್ನ ಮೇಲೆ ನಿಂತಿತು.

ನಾನು ಅಭ್ಯಾಸಬಲದಿಂದ ಶಾಲನ್ನು ತಲೆಯ ಮೇಲೆ ಎಳೆದುಕೊಳ್ಳಲು ಹೋದೆ.

"ಇರ್ಲಿ ಬುಡವ್ವ" ಎಂದರು. ಕಂಬಕ್ಕಲ್ಲ, ಅತ್ತೆಗಲ್ಲ, ನನಗೆ. ನನ್ನ ಮುಖವನ್ನು ಅವಸರವಿಲ್ಲದೆ, ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿನವರೆಗೆ ನೋಡಿದರು. ರೊಪ್ಪದ ಬಾಗಿಲಲ್ಲಿ ನಿಂತು ನೋಡುವ ನೋಟ ಅದೇ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಕಣ್ಣಲ್ಲಿ ನೀರು ಬಂತು.

"ಎಡಗಡೆ ಹುಬ್ಬು ಸೀಳೈತೆ" ಎಂದರು.

"ಚಿಕ್ಕವಳಿದ್ದಾಗ ಬಾವಿ ಮೆಟ್ಟಿಲ ಮೇಲೆ ಬಿದ್ದಿದ್ದೆ ಮಾವ."

"ಹೂಂ" ಎಂದು ತಲೆಯಾಡಿಸಿದರು. ಕಂಬಳಿಯನ್ನು ಎತ್ತಿ ನನ್ನ ಕಡೆ ಸರಿಸಿದರು. "ಇನ್ಮ್ಯಾಕೆ ಗೊತ್ತಾಯ್ತದೆ."